ಎರಡು ಫ್ಲ್ಯಾಟ್ ಇದ್ದರೆ ಪಿಂಚಣಿ ಇದ್ದಂತೆಯಾ?

ಪ್ರಶ್ನೆ: ನನಗೆ 57 ವರ್ಷ. ಖಾಸಗಿ ಕೆಲಸ, ಪಿಂಚಣಿ ಇಲ್ಲ. ವಾಸದ ಮನೆ ಬಿಟ್ಟು ಎರಡು ಫ್ಲ್ಯಾಟ್ ಬಾಡಿಗೆಗೆ ಕೊಟ್ಟಿದ್ದೇನೆ. ಹಳೆಯದನ್ನು 2010-11ರಲ್ಲಿ 25 ಲಕ್ಷಕ್ಕೆ ಕೊಂಡೆ, ಸಾಲ ತೀರಿದೆ, ಬಾಡಿಗೆ 18,000, ಈಗ 70 ಲಕ್ಷಕ್ಕೆ ಕೇಳುತ್ತಿದ್ದಾರೆ. ಹೊಸದಕ್ಕೆ 20,000 ಬಾಡಿಗೆ ಬರುತ್ತದೆ, 14 ಲಕ್ಷ ಸಾಲ ಬಾಕಿ, ತಿಂಗಳ ಕಂತು 19,000, ಇನ್ನೂ ಒಂಬತ್ತು ವರ್ಷ. ಈ ಬಾಡಿಗೆಯಲ್ಲೇ ನಿವೃತ್ತಿ ಜೀವನ ನಡೆಸಬಹುದಾ? ಮಾರಿದರೆ ತೆರಿಗೆ ತುಂಬಾ ಹೋಗುತ್ತೆ ಅಂತ ಭಯ.

ಉತ್ತರ: ಭಯ ಆಮೇಲೆ ನೋಡೋಣ, ಮೊದಲು ಹೊಸ ಫ್ಲ್ಯಾಟಿನ ಒಂದು ವರ್ಷದ ಲೆಕ್ಕ ಬರೆದು ನೋಡಿ. ಬಾಡಿಗೆದಾರರು ಬದಲಾಗುವಾಗ ಒಂದು ತಿಂಗಳು ಖಾಲಿ ಬಿತ್ತು ಅಂದುಕೊಳ್ಳಿ, ಹನ್ನೊಂದು ತಿಂಗಳಿಗೆ 2,20,000 ಬಂತು. ಮನೆ ಕಂದಾಯ 10,000, ಮೆಂಟೆನೆನ್ಸ್ ತಿಂಗಳಿಗೆ 3,000ದಂತೆ 36,000, ಕಂತು 2,28,000 ಅಂತ ಹಿಡಿದರೆ ನಿಮ್ಮ ಜೇಬಿನಿಂದಲೇ 54,000 ಹೋಯಿತು.

ಈಗ ತೆರಿಗೆ ಲೆಕ್ಕ. 2,20,000ದಲ್ಲಿ ನೀವು ಕಟ್ಟಿದ ಕಂದಾಯ ಕಳೆಯಿರಿ, ಉಳಿದ 2,10,000ದಲ್ಲಿ ಶೇ 30 ಕಳೆಯಿರಿ, 1,47,000 ಆಯಿತು. ಅದರಲ್ಲಿ ಸಾಲದ ಬಡ್ಡಿ, ಸುಮಾರು 1,20,000, ಕಳೆದರೆ 27,000 ತೆರಿಗೆಯ ಆದಾಯ. ಕೈಯಿಂದ ಹಣ ಹೋಗುತ್ತಿದೆ, ಕಾಗದದಲ್ಲಿ ಆದಾಯ ಇದೆ! ಯಾಕೆಂದರೆ ಕಂತಿನ ಅಸಲನ್ನು ಬಾಡಿಗೆಯಿಂದ ಕಳೆಯುವ ಹಾಗಿಲ್ಲ. ಮೆಂಟೆನೆನ್ಸ್, ಪೇಂಟಿಂಗ್, ನಲ್ಲಿ ರಿಪೇರಿ ಎಲ್ಲವೂ ಆ ಶೇ 30ರೊಳಗೇ ಬಂತು, ಬಿಲ್ ತೋರಿಸಿ ಮತ್ತೆ ಕೇಳುವಂತಿಲ್ಲ. ಬಡ್ಡಿಯಿಂದ ನಷ್ಟ ಬಂದರೂ ಹೊಸ ತೆರಿಗೆ ಪದ್ಧತಿಯಲ್ಲಿ ಅದನ್ನು ಸಂಬಳದಿಂದ ಕಳೆಯಲು ಆಗಲ್ಲ. ಹಳೆಯ ಪದ್ಧತಿಯಲ್ಲಾದರೆ ವರ್ಷಕ್ಕೆ 2 ಲಕ್ಷದವರೆಗೆ ಆಗುತ್ತದೆ.

ಕಂತು ಇನ್ನೂ ಒಂಬತ್ತು ವರ್ಷ ಅಂದರೆ, 60ಕ್ಕೆ ಸಂಬಳ ನಿಂತ ಮೇಲೂ ಆರು ವರ್ಷ. ನನಗೆ ಚಿಂತೆ ಇದರದ್ದೇ.

ಹಾಗಾಗಿ ಹಳೆಯ ಫ್ಲ್ಯಾಟ್ ಮಾರಿ, ಸಾಲ ತೀರಿಸಿ ಅಂತ ನೇರವಾಗಿ ಹೇಳ್ತೀನಿ. 70 ಲಕ್ಷದ ಆಸ್ತಿಯಿಂದ ವರ್ಷಕ್ಕೆ 2,16,000 ಬಾಡಿಗೆ, ಶೇ 3ರ ಆಸುಪಾಸು, ಅದೂ ಖರ್ಚು ಕಳೆಯುವ ಮೊದಲು. ಸಾಲ ತೀರಿದರೆ ವರ್ಷಕ್ಕೆ 2,28,000 ಕಂತು ಉಳಿಯುತ್ತದೆ. ಬಿಟ್ಟುಕೊಡುವ ಬಾಡಿಗೆಗಿಂತ ಉಳಿಯುವ ಕಂತೇ ಜಾಸ್ತಿ, ಅಲ್ವಾ?

ತೆರಿಗೆ ನೀವು ಅಂದುಕೊಂಡಷ್ಟು ಇಲ್ಲ. 2024ರ ಜುಲೈ 23ರಿಂದ ದೀರ್ಘಾವಧಿ ಲಾಭಕ್ಕೆ ಶೇ 12.5 ತೆರಿಗೆ ಬಂದಿದೆ, ಇದರಲ್ಲಿ ಹಣದುಬ್ಬರದ ಸೂಚ್ಯಂಕದ ರಿಯಾಯಿತಿ, ಅಂದರೆ ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿ ಲಾಭ ಲೆಕ್ಕ ಹಾಕುವ ಅವಕಾಶ, ಇಲ್ಲ. ಆದರೆ ಆ ದಿನಕ್ಕೂ ಮುಂಚೆ ಕೊಂಡ ಮನೆಯನ್ನು ಭಾರತದ ನಿವಾಸಿ ಮಾರಿದರೆ, ಹಳೆಯ ರೀತಿಯಲ್ಲಿ ಸೂಚ್ಯಂಕ ಹಿಡಿದು ಶೇ 20 ಲೆಕ್ಕ ಹಾಕಬಹುದು, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಕಟ್ಟಿದರೆ ಸಾಕು. ನಿಮ್ಮದನ್ನು ಹಾಕಿ ನೋಡಿದೆ. ಸೂಚ್ಯಂಕ ಇಲ್ಲದೆ ಲಾಭ 45 ಲಕ್ಷ, ಸೆಸ್ ಸೇರಿ ತೆರಿಗೆ 5.85 ಲಕ್ಷ. ಸೂಚ್ಯಂಕ 2010-11ರಲ್ಲಿ 167 ಇತ್ತು, 2025-26ರಲ್ಲಿ 376. ಅದರಂತೆ ನಿಮ್ಮ 25 ಲಕ್ಷ 56.29 ಲಕ್ಷ ಆಗುತ್ತದೆ, ಲಾಭ 13.71 ಲಕ್ಷಕ್ಕೆ ಇಳಿಯುತ್ತದೆ, ತೆರಿಗೆ ಸುಮಾರು 2.85 ಲಕ್ಷ. ಸಾಲದ 14 ಲಕ್ಷವೂ ಕಳೆದು 53 ಲಕ್ಷದ ಹತ್ತಿರ ಕೈಯಲ್ಲಿ ಉಳಿಯುತ್ತದೆ.

ಕೊಂಡಾಗ ಕಟ್ಟಿದ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕವೂ ಖರೀದಿ ವೆಚ್ಚಕ್ಕೆ ಸೇರುತ್ತದೆ, ತೆರಿಗೆ ಇನ್ನಷ್ಟು ಇಳಿಯಬಹುದು. ಆ ರಸೀದಿಗಳನ್ನು ಇವತ್ತೇ ಹುಡುಕಿ. ಹದಿನೈದು ವರ್ಷದ ಹಳೆಯ ಕಾಗದ, ಶಾಯಿ ಮಾಸಿ ಅಂಕಿಗಳೇ ಕಾಣದಂತೆ ಆಗಿರುತ್ತದೆ, ಓದಲು ಬರುವಾಗಲೇ ಫೋಟೊ ತೆಗೆದಿಡಿ. ಬೆಲೆ 50 ಲಕ್ಷ ದಾಟಿರುವುದರಿಂದ ಕೊಳ್ಳುವವರು ಶೇ 1 ಟಿಡಿಎಸ್, ಅಂದರೆ ನಿಮ್ಮ ಪರವಾಗಿ ಮುಂಚಿತ ತೆರಿಗೆ, ಹಿಡಿಯುತ್ತಾರೆ. ಆ 70,000 ನಿಮ್ಮ ಪ್ಯಾನ್‌ಗೆ ಜಮೆ ಆಗಿದೆಯಾ ನೋಡಿಕೊಳ್ಳಿ.

ತೆರಿಗೆ ಉಳಿಸುವ ಬಾಂಡ್ ಇದೆ, ಆರು ತಿಂಗಳೊಳಗೆ 50 ಲಕ್ಷದವರೆಗೆ ಹಾಕಬಹುದು. ಆದರೆ ಐದು ವರ್ಷ ಹಣ ಮುಟ್ಟುವ ಹಾಗಿಲ್ಲ. ಲಾಭದ ಹಣದಲ್ಲಿ ಇನ್ನೊಂದು ಮನೆ ಕೊಂಡರೂ ವಿನಾಯಿತಿ ಸಿಗುತ್ತದೆ, ಅದು ನಿಮಗೆ ಬೇಡವೇ ಬೇಡ. ಆಸ್ತಿಯೆಲ್ಲ ಈಗಾಗಲೇ ಗೋಡೆಗಳಲ್ಲೇ ಕೂತಿದೆ. ಆಸ್ಪತ್ರೆಗೆ ಎರಡು ಲಕ್ಷ ಬೇಕಾದಾಗ ಒಂದು ಕೋಣೆ ಮಾತ್ರ ಮಾರಲು ಆಗುತ್ತದಾ? ಠೇವಣಿಯಾದರೆ ಬೇಕಾದಷ್ಟು ಮುರಿಯಬಹುದು. 60 ತುಂಬಿದ ಮೇಲೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಇಟ್ಟು, ಮೂರು ತಿಂಗಳಿಗೊಮ್ಮೆ ಬಡ್ಡಿ ಪಡೆಯಿರಿ. ಬಡ್ಡಿಗೆ ತೆರಿಗೆ ಇದೆ, ಅದನ್ನು ಲೆಕ್ಕದಲ್ಲಿಟ್ಟುಕೊಳ್ಳಿ.

ನಿವೃತ್ತಿಯಾದ ಮೇಲೆ ಮಾರಿದರೆ 12 ಲಕ್ಷದವರೆಗೆ ತೆರಿಗೆ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ರಿಯಾಯಿತಿ ಈ ಲಾಭಕ್ಕೆ ಸಿಗಲ್ಲ.

ಪ್ರಶ್ನೆ: ನನ್ನ ಹೆಸರಲ್ಲಿರುವ ಬಾಡಿಗೆ ಮನೆಯನ್ನು ಮಗಳಿಗೆ ಈಗಲೇ ದಾನಪತ್ರ ಮಾಡಿಕೊಡಲಾ, ಉಯಿಲು ಬರೆಯಲಾ? ನನಗೆ 66.

ಉತ್ತರ: ಉಯಿಲು ಬರೆಯಿರಿ, ಅಮ್ಮಾ. ದಾನಪತ್ರ ನೋಂದಣಿಯಾದರೆ ಮನೆಯೂ ಅದರ ಬಾಡಿಗೆಯೂ ಅವತ್ತೇ ಮಗಳದ್ದು, ಮನಸ್ಸು ಬದಲಾಯಿಸಿ ವಾಪಸ್ ಪಡೆಯುವುದು ಸುಲಭ ಅಲ್ಲ. ಉಯಿಲನ್ನು ಎಷ್ಟು ಸಲ ಬೇಕಾದರೂ ತಿದ್ದಿ ಬರೆಯಬಹುದು. ಪಿತ್ರಾರ್ಜಿತಕ್ಕೆ ತೆರಿಗೆ ಬೀಳುತ್ತೆ ಅನ್ನುವ ಚಿಂತೆಯೂ ಬೇಡ, ಆ ತೆರಿಗೆ ನಮ್ಮ ದೇಶದಲ್ಲಿ 1985ರಲ್ಲೇ ರದ್ದಾಯಿತು. ಮುಂದೆ ಮಗಳು ಮಾರಿದಾಗ ನೀವು ಕೊಂಡ ಬೆಲೆಯನ್ನೇ ಹಿಡಿದು ಲಾಭ ಲೆಕ್ಕ ಹಾಕುತ್ತಾರೆ, ಆದ್ದರಿಂದ ಹಳೆಯ ಕ್ರಯಪತ್ರ ಅವಳ ಕೈಗೆ ಸಿಗುವಂತಿರಲಿ. ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು, ಮಗಳನ್ನೇ ಸಾಕ್ಷಿ ಮಾಡಬೇಡಿ. ನೋಂದಣಿ ಕಡ್ಡಾಯ ಅಲ್ಲ, ಆದರೂ ಮಾಡಿಸಿಬಿಡಿ. ಬೀರುವಿನ ಯಾವ ಖಾನೆಯಲ್ಲಿ ಇಟ್ಟಿದ್ದೀರಿ ಅಂತ ಇವತ್ತು ರಾತ್ರಿಯೇ ಅವಳಿಗೆ ಹೇಳಿ.