163 ಸಿಸಿಗೆ 6 ಎಚ್‌ಪಿ ಯಾಕಿಲ್ಲ?
ಸರ್, ಕಳೆ ಕತ್ತರಿಸುವ ಮಷೀನಿನ 35 ಸಿಸಿಗೆ 1.3 ಎಚ್‌ಪಿ ಇದ್ದರೆ, ಮೂಡಿಗೆರೆ ತೋಟದ 163 ಸಿಸಿ ಪಂಪಿಗೆ ಹತ್ತಿರ ಹತ್ತಿರ 6 ಬರಬೇಕಲ್ವಾ, 4.8 ಯಾಕೆ ಅಂತ ಕೇಳಿದ್ದೀರಿ. ಸಿಸಿ ಬರೀ ಸಿಲಿಂಡರಿನಲ್ಲಿ ಪಿಸ್ಟನ್ ಓಡಾಡುವ ಜಾಗದ ಅಳತೆ. ಎಚ್‌ಪಿಗೆ, ಅಂದರೆ ಪವರ್‌ಗೆ, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು (ಆರ್‌ಪಿಎಂ) ಅನ್ನುವುದೂ ಸೇರುತ್ತದೆ. ಕಳೆ ಮಷೀನಿನ ಹೋಂಡಾ ಜಿಎಕ್ಸ್35 ಎಂಜಿನ್ನಿನಲ್ಲಿ ಆ 1.3 ಸಿಗುವುದು 7000 ಆರ್‌ಪಿಎಂಗೆ. ಪಂಪಿನ ಜಿಎಕ್ಸ್160ರ 4.8 ಸಿಗುವುದು 3600ಕ್ಕೇ.

ಮಜಾ ಏನೆಂದರೆ, ಪಂಪಿನಲ್ಲಿ ಸುತ್ತು ಅರ್ಧ ಆದರೂ ಒಂದೊಂದು ಸಿಸಿಗೆ ಸಿಗುವ ಪವರ್ ಅರ್ಧಕ್ಕೆ ಇಳಿದಿಲ್ಲ. ಯಾಕೆಂದರೆ ಕಳೆ ಮಷೀನಿನಂಥ ಪುಟ್ಟ ಸಿಲಿಂಡರಿನಲ್ಲಿ ಗೋಡೆಗೆ ಹೋಗುವ ಶಾಖ, ತಿಕ್ಕಾಟ ಎರಡೂ ಜಾಸ್ತಿ. ಬೈಕಿನಲ್ಲೂ ಬರೀ ಸಿಸಿಯಿಂದ ಎಚ್‌ಪಿ ಗೊತ್ತಾಗಲ್ಲ: 349 ಸಿಸಿ ಬುಲೆಟ್‌ಗೆ ಸುಮಾರು 20 ಎಚ್‌ಪಿ, ಹಳೆಯ 373 ಸಿಸಿ ಕೆಟಿಎಂ ಡ್ಯೂಕ್‌ಗೆ 43ರ ಆಸುಪಾಸು.

ಪಂಪ್ ಕೊಳ್ಳುವಾಗ ಸುಮ್ನೆ ಸಿಸಿ ನೋಡಬೇಡಿ. ಹಳ್ಳದಿಂದ ತೋಟದ ಮೇಲಿನ ತುದಿಗೆ ಎಷ್ಟು ಎತ್ತರ ಅಂತ ಮೊದಲು ಅಳೆಯಿರಿ.