ಅರಮನೆ ಬೇಡ ಅಂದವಳ ಕತೆ ಎಷ್ಟು ಪುಟ ಇರಬೇಕು?

ಬೆಂಗಳೂರಿನ ವಿಜಯನಗರದಿಂದ ಓದುಗರೊಬ್ಬರು ಬರೆದಿದ್ದಾರೆ. ಬ್ಯಾಂಕಿನಲ್ಲಿ ಕೆಲಸ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಮುಖ್ಯ ಭಾಗ ಇದು:

"ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿಯಲ್ಲಿ ಐತಿಹಾಸಿಕ ಪ್ರೇಮಕತೆಗಳ ಒಂದು ಇಂಗ್ಲಿಷ್ ಸಂಕಲನ ಸಿಕ್ಕಿತು. ಎಲ್ಲಾ ಸಣ್ಣ ಕತೆಗಳು. ಮೆಟ್ರೋದಲ್ಲಿ ಓದುತ್ತಿದ್ದೇನೆ. ಡ್ಯೂಕುಗಳು, ದೊಡ್ಡವರ ಮನೆ ಮಕ್ಕಳಿಗೆ ಪಾಠ ಹೇಳುವ ಬಡ ಹುಡುಗಿಯರು, ಕುದುರೆ ಗಾಡಿಗಳು. ಇಷ್ಟವೇನೋ ಆಗುತ್ತಿದೆ. ಆದರೆ ಎಲೆ ಹಾಕಿ, ಪಲ್ಯ ಬಡಿಸಿ, ಅನ್ನ ಬರುವಷ್ಟರಲ್ಲಿ ಎಬ್ಬಿಸಿದ ಹಾಗಾಗುತ್ತದೆ. ಎರಡು ಕತೆಗಳಲ್ಲಿ ಜೋಡಿಗಳು ಸ್ಕಾಟ್ಲೆಂಡಿಗೇ ಯಾಕೆ ಓಡಿಹೋಗುತ್ತವೆ ಅಂತಲೂ ಗೊತ್ತಾಗಲಿಲ್ಲ. ನಮ್ಮ ಭಾವ ಪುಸ್ತಕ ನೋಡಿ ನಕ್ಕರು. ಇತಿಹಾಸ ಬೇಕಿದ್ದರೆ ದಪ್ಪ ಕಾದಂಬರಿ ಓದು, ಇದೆಲ್ಲ ಟೈಂಪಾಸು ಅಂದರು. ಈಗ ಪುಸ್ತಕಕ್ಕೆ ರಟ್ಟು ಹಾಕಿಕೊಂಡು ಓದುತ್ತಿದ್ದೇನೆ. ಅವರು ಹೇಳಿದ್ದು ಸರೀನಾ? ಕನ್ನಡದಲ್ಲಿ ಇಂಥದ್ದು ಯಾಕಿಲ್ಲ?"

ಮೊದಲು ಆ ರಟ್ಟು ತೆಗೆಯಿರಿ. ಆಮೇಲೆ ಮಾತಾಡೋಣ.

ನಿಮ್ಮ ಭಾವನವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ. ಕೆಲವು ಸಂಗತಿಗಳಿಗೆ ದಪ್ಪ ಪುಸ್ತಕವೇ ಬೇಕು. 1834ರಲ್ಲಿ ಕೊಡಗು ಕಂಪನಿಯ ಕೈಗೆ ಹೋದದ್ದನ್ನು ಮಾಸ್ತಿಯವರು ಹತ್ತು ಪುಟದಲ್ಲಿ ಹೇಳುವ ಹಾಗಿರಲಿಲ್ಲ. ಒಂದು ಅರಮನೆ ಒಳಗೊಳಗೇ ಕೆಡುವುದನ್ನು ತೋರಿಸಲು ವರ್ಷಗಳು ಉರುಳಬೇಕು, ಹತ್ತಾರು ಜನ ಬಂದು ಹೋಗಬೇಕು. 'ಚಿಕವೀರ ರಾಜೇಂದ್ರ'ಕ್ಕೆ ಆ ಉದ್ದ ನ್ಯಾಯವಾಗಿಯೇ ಬೇಕಿತ್ತು. ಭಾವನವರ ಪಾಲು ಮುಗಿಯಿತು.

ಆದರೆ ಪ್ರೇಮ? ಇತಿಹಾಸದೊಳಗಿನ ಪ್ರೇಮಕ್ಕೆ ಸಣ್ಣ ಕತೆಯೇ ಸರಿಯಾದ ಅಳತೆ. ಇದನ್ನು ಎಷ್ಟೋ ಸಭೆಗಳಲ್ಲಿ ಹೇಳಿ ಬೈಸಿಕೊಂಡಿದ್ದೇನೆ. ಆರುನೂರು ಪುಟ ಇಬ್ಬರೇ ಪ್ರೀತಿಸುತ್ತಾ ಕೂತರೆ ಯಾರಿಗಾದರೂ ಬೇಜಾರು ಬರುತ್ತದೆ. ಅದಕ್ಕೇ ಬರೆಯುವವರು ನಡುವೆ ಎರಡು ಯುದ್ಧ, ಒಂದು ವಿಷಪ್ರಯೋಗ, ಒಬ್ಬ ಕಪಟ ಮಂತ್ರಿ, ಬೆಳದಿಂಗಳ ವರ್ಣನೆ ಎಲ್ಲ ತುರುಕುತ್ತಾರೆ. ಪ್ರೇಮ ಎಲ್ಲೋ ಮೂಲೆಗೆ ಬೀಳುತ್ತದೆ. ಸಣ್ಣ ಕತೆಗೆ ಬೇಕಾದ್ದು ಒಂದೇ ಒಂದು ಕಟ್ಟು. ಆ ಕಾಲದ್ದೇ ಆದ, ಇವತ್ತು ಇಲ್ಲದ ಒಂದು ಅಡ್ಡಿ.

ನಿಮ್ಮ ಸ್ಕಾಟ್ಲೆಂಡಿನ ಜೋಡಿಗಳನ್ನೇ ನೋಡಿ. 1753ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಮದುವೆ ಕಾಯ್ದೆ ಬಂತು, ಮರುವರ್ಷ ಜಾರಿಯಾಯಿತು. 21 ತುಂಬದ ಹುಡುಗ ಹುಡುಗಿಗೆ ಹೆತ್ತವರು ಬೇಡ ಅಂದರೆ ಮದುವೆ ಇಲ್ಲ. ಸ್ಕಾಟ್ಲೆಂಡಿಗೆ ಆ ಕಾಯ್ದೆ ಅನ್ವಯಿಸುತ್ತಿರಲಿಲ್ಲ. ಅಲ್ಲಿ ಸಾಕ್ಷಿಗಳ ಎದುರು "ನಾವು ಗಂಡ ಹೆಂಡತಿ" ಅಂದರೆ ಮುಗಿಯಿತು. ಗಡಿ ದಾಟಿದ ತಕ್ಷಣ ಸಿಗುವ ಹಳ್ಳಿ ಗ್ರೆಟ್ನಾ ಗ್ರೀನ್. ಅಲ್ಲಿ ಕಮ್ಮಾರನ ಅಡಿಗಲ್ಲಿನ ಮುಂದೆ ನಿಂತು ಮದುವೆಯಾಗುವುದೇ ಒಂದು ಪದ್ಧತಿಯಾಯಿತು. ಲಂಡನ್ನಿನಿಂದ ಅಲ್ಲಿಗೆ 300 ಮೈಲಿಗೂ ಜಾಸ್ತಿ. ದಾರಿಯುದ್ದಕ್ಕೂ ಕುದುರೆ ಬದಲಾಯಿಸಬೇಕು, ಅದಕ್ಕೆ ದುಡ್ಡು ಬೇಕು, ಹಿಂದಿನಿಂದ ಅಪ್ಪನ ಗಾಡಿ ಬರುತ್ತಿರುತ್ತದೆ. 1856ರಲ್ಲಿ ಇನ್ನೊಂದು ಕಾಯ್ದೆ ತಂದರು. ಇಬ್ಬರಲ್ಲಿ ಒಬ್ಬರಾದರೂ ಮದುವೆಗೆ ಮುಂಚೆ 21 ದಿನ ಸ್ಕಾಟ್ಲೆಂಡಿನಲ್ಲಿ ಇದ್ದಿರಬೇಕು ಎಂದಿತು ಅದು. ಓಡಿಹೋಗುವವರ ಆತುರಕ್ಕೆ ಅಲ್ಲಿಗೆ ಬೀಗ ಬಿತ್ತು. ನಿಮ್ಮ ಲೇಖಕರು ಇದನ್ನು ಒಂದು ಸಾಲಿನಲ್ಲಿ ಹೇಳಿಬಿಡಬಹುದಿತ್ತು. ಇಂಗ್ಲಿಷ್ ಓದುಗರಿಗೆ ಗೊತ್ತೇ ಇರುತ್ತೆ ಅಂದುಕೊಂಡರೋ ಏನೋ. ಈಗ ಆ ಎರಡು ಕತೆ ಮತ್ತೆ ಓದಿ. ಕುದುರೆಯ ಬಾಡಿಗೆಗೆ ಹುಡುಗಿ ಬಳೆ ಬಿಚ್ಚಿ ಕೊಡುವಂಥದ್ದೊಂದು ಪುಟ ಇದ್ದೇ ಇರುತ್ತದೆ. ನಿಮಗೆ ಬೇಕಿದ್ದ ಅನ್ನ ಅಲ್ಲೇ ಇದೆ.

ಇನ್ನೊಂದು ವಿಷಯ ಹೇಳಿದರೆ ನಿಮಗೆ ಖುಷಿಯಾಗುತ್ತದೆ. ಬರೀ ಪ್ರೇಮಕತೆಗಳದ್ದಲ್ಲದಿದ್ದರೂ, ನಿಮ್ಮ ಸಂಕಲನದ ಅಜ್ಜ ಅನ್ನಬಹುದಾದ ಒಂದು ಪುಸ್ತಕದಲ್ಲಿ ಬೆಂಗಳೂರೇ ಇದೆ. ವಾಲ್ಟರ್ ಸ್ಕಾಟ್ 1827ರಲ್ಲಿ ಮೂರು ಕತೆಗಳನ್ನು ಒಟ್ಟಿಗೆ ತಂದ. ಅದರಲ್ಲಿ ಒಂದು, ವೈದ್ಯನೊಬ್ಬನ ಮಗಳ ಕತೆ. ಸ್ಕಾಟ್ಲೆಂಡಿನ ಮೆನಿ ಗ್ರೇ ಎಂಬ ಹುಡುಗಿಯನ್ನು ಅವಳು ನಂಬಿದ ಹುಡುಗನೇ ಮದುವೆಯ ಆಸೆ ತೋರಿಸಿ ಇಂಡಿಯಾಕ್ಕೆ ಕರೆಸಿಕೊಂಡು ಟಿಪ್ಪುವಿಗೆ ಒಪ್ಪಿಸಲು ಹೊರಡುತ್ತಾನೆ. ಕೊನೆಯ ದೃಶ್ಯ ನಡೆಯುವುದು ಇದೇ ಬೆಂಗಳೂರಿನಲ್ಲಿ. ಫಕೀರನ ವೇಷದಲ್ಲಿದ್ದ ಹೈದರಾಲಿ ತಾನು ಯಾರೆಂದು ತೋರಿಸಿಕೊಳ್ಳುತ್ತಾನೆ, ಹುಡುಗಿಯನ್ನು ಬಿಡಿಸುತ್ತಾನೆ, ದ್ರೋಹಿಯನ್ನು ಆನೆ ಕಾಲಿಗೆ ಹಾಕಿಸುತ್ತಾನೆ. ಸ್ಕಾಟ್ ಇಂಡಿಯಾ ಕಡೆ ತಲೆ ಹಾಕಿಯೂ ಮಲಗಿದವನಲ್ಲ. ಇಲ್ಲಿದ್ದು ಹೋದ ಸ್ನೇಹಿತನೊಬ್ಬನಿಂದ ವಿವರ ಕೇಳಿ ಬರೆದ. ಇತಿಹಾಸ ಅಂತ ನೋಡಿದರೆ ಅದೆಲ್ಲ ಬರೀ ಕಟ್ಟುಕತೆ. ಆದರೂ ಇನ್ನೂರು ವರ್ಷದ ಹಿಂದೆ ಎಡಿನ್‌ಬರೋದಲ್ಲಿ ಕೂತವನಿಗೆ ಬೆಂಗಳೂರು ಪ್ರೇಮಕತೆಗೆ ತಕ್ಕ ಊರು ಅನ್ನಿಸಿತ್ತು. ಇಲ್ಲೇ ಹುಟ್ಟಿದ ನಮಗೆ ಅನ್ನಿಸುವುದು ಟ್ರಾಫಿಕ್ಕು ಮಾತ್ರ.

ಅಂದ ಹಾಗೆ ಆ ಮೂರು ಕತೆಗಳಲ್ಲಿ ಈ ಬೆಂಗಳೂರಿನದ್ದೇ ಉದ್ದ, ಇದೇ ಸಡಿಲ. ಇಬ್ಬರು ದನದ ವ್ಯಾಪಾರಿಗಳ ಜಗಳದ ಒಂದು ಚಿಕ್ಕ ಕತೆ ಜೊತೆಗಿದೆ. ಒಂದು ರಾತ್ರಿಯ ಮೇವಿನ ಜಾಗಕ್ಕೆ ಶುರುವಾದ ಮನಸ್ತಾಪ ಕೊಲೆಯಲ್ಲಿ ಮುಗಿಯುತ್ತದೆ. ಪ್ರೇಮದ ಸುಳಿವೂ ಇಲ್ಲ, ಆದರೆ ಬಿಗಿ ಅಂದರೆ ಅದು. ನನ್ನ ವಾದಕ್ಕೆ ಸ್ಕಾಟನೇ ಸಾಕ್ಷಿ.

ಈಗ ನಮ್ಮ ಕಡೆಗೆ ಬರೋಣ. ಕನ್ನಡದಲ್ಲಿ ಯಾಕಿಲ್ಲ ಅಂತ ಕೇಳಿದಿರಿ. ಸಾಮಗ್ರಿಗಂತೂ ಬರ ಇಲ್ಲ.

ರಾಯಚೂರು ಜಿಲ್ಲೆಯ ಮುದಗಲ್ ಕೇಳಿದ್ದೀರಲ್ಲ. ಬಿಜಾಪುರದಲ್ಲಿದ್ದ ಫೆರಿಶ್ತಾ ಎಂಬ ಚರಿತ್ರೆಕಾರ ಬರೆದಿಟ್ಟ ಸಂಗತಿ ಇದು. ನಡೆದದ್ದು 1406ರ ಸುಮಾರಿಗೆ, ಅವನು ಬರೆದದ್ದು ಅದಾಗಿ ಇನ್ನೂರು ವರ್ಷಕ್ಕೆ. ಕಾಶಿಗೆ ಹೋಗಿ ಬರುತ್ತಿದ್ದ ಬ್ರಾಹ್ಮಣನೊಬ್ಬ ಮುದಗಲ್ಲಿನ ಅಕ್ಕಸಾಲಿಗರ ಮನೆಯಲ್ಲಿ ಇಳಿದುಕೊಂಡ. ಆ ಮನೆಯ ಮಗಳನ್ನು ನೋಡಿದ, ಅವಳಿಗೆ ಸಂಗೀತ ಹೇಳಿಕೊಟ್ಟ, ವಿಜಯನಗರಕ್ಕೆ ಹೋಗಿ ದೇವರಾಯನ ಮುಂದೆ ಹೊಗಳಿದ. ದೊರೆ ಅವನ ಕೈಯಲ್ಲೇ ಉಡುಗೊರೆ ಕಳಿಸಿದ. ಅಪ್ಪ ಅಮ್ಮನಿಗೆ ಹಿಡಿಸಲಾರದಷ್ಟು ಸಂತೋಷ. ರತ್ನದ ಸರ ಮಗಳ ಕೊರಳಿಗೆ ಹಾಕಲು ಹೋದರು. ಸರ ಕೊರಳಿಗೆ ಬಿದ್ದರೆ ನಿಶ್ಚಿತಾರ್ಥ ಆದ ಹಾಗೆ. ಹುಡುಗಿ ಬೇಡ ಅಂದಳು. ಅರಮನೆ ಸೇರಿದ ಹೆಂಗಸರು ಮತ್ತೆ ಹೆತ್ತವರ ಮುಖ ನೋಡುವ ಹಾಗಿಲ್ಲ, ಸರಕ್ಕೋಸ್ಕರ ನಿಮ್ಮನ್ನು ಬಿಡಲಾರೆ ಅಂದಳು.

ಆಮೇಲೆ ನಡೆದದ್ದು ದಪ್ಪ ಕಾದಂಬರಿಯವರಿಗೆ ಹಬ್ಬ. ದೇವರಾಯ ಅವಳನ್ನು ತರಲು ಕುದುರೆ ದಂಡು ಕಳಿಸಿದ. ಅಷ್ಟರಲ್ಲಿ ಊರವರು ಓಡಿಹೋಗಿದ್ದರು. ವಾಪಸ್ ಬರುವಾಗ ದಂಡು ಹಳ್ಳಿಗಳನ್ನು ದೋಚಿತು. ಬಹಮನಿ ಸುಲ್ತಾನ ಫಿರೋಜ್ ಷಾ ಯುದ್ಧಕ್ಕೆ ಬಂದ. ಕೊನೆಗೆ ದೇವರಾಯ ತನ್ನ ಮಗಳನ್ನೇ ಸುಲ್ತಾನನಿಗೆ ಕೊಟ್ಟು ಸಂಧಿ ಮಾಡಿಕೊಂಡ. ಅಕ್ಕಸಾಲಿಗರ ಹುಡುಗಿಯನ್ನು ಸುಲ್ತಾನನ ಮಗನಿಗೆ ಮದುವೆ ಮಾಡಿದರು.

ಇದೆಲ್ಲ ಬಂದರೆ ಹುಡುಗಿ ಎಲ್ಲಿರುತ್ತಾಳೆ ಹೇಳಿ? ದಂಡು, ಸಂಧಿ, ಆನೆ ಕುದುರೆ ಲೆಕ್ಕದಲ್ಲಿ ಕಳೆದೇ ಹೋಗುತ್ತಾಳೆ. ಅವಳ ಕತೆ ಮುಗಿಯುವುದು ಸರ ಹಿಡಿದ ಅಮ್ಮನ ಕೈಯನ್ನು ಅವಳು ತಡೆದಾಗ. ಬ್ರಾಹ್ಮಣ ಜಗುಲಿಯಲ್ಲಿ ಕೂತು ಕಾಯುತ್ತಿದ್ದಾನೆ. ಬೇಡ ಅನ್ನುವ ಮಾತನ್ನು ಅವನಿಗೆ ಯಾರು ಹೇಳಬೇಕು, ಅಪ್ಪನೋ ಅಮ್ಮನೋ? ಅಲ್ಲಿಗೆ ನಿಲ್ಲಿಸಬೇಕು. ಹನ್ನೆರಡು ಪುಟ. ಮುಂದೆ ಯುದ್ಧ ಆಗುತ್ತೆ ಅನ್ನುವುದು ಓದುಗರಿಗೆ ಗೊತ್ತು, ಹುಡುಗಿಗೆ ಗೊತ್ತಿಲ್ಲ. ಐತಿಹಾಸಿಕ ಕತೆಗೆ ಇರುವ ಸುಖವೇ ಅದು, ಅಲ್ವಾ?

ಹೆಗ್ಗಡದೇವನಕೋಟೆ ತಾಲೂಕಿನ ಬೆಳತೂರಿನಲ್ಲಿ 1057ರ ಒಂದು ಶಾಸನ ಇದೆ. ಕುಸ್ತಿಯಲ್ಲಿ ಎದುರಾಳಿಯನ್ನು ಕೊಂದ ಏಚನಿಗೆ ಚೋಳ ದೊರೆ ಮರಣದಂಡನೆ ಕೊಟ್ಟ. ಸುದ್ದಿ ಕೇಳಿ ಅವನ ಹೆಂಡತಿ ದೇಕಬ್ಬೆ ಬೆಂಕಿಗೆ ಬಿದ್ದಳು. ಕಲ್ಲಿನ ಮೇಲೆ ಅವಳನ್ನು ಹೊಗಳಿದ್ದಾರೆ. ಆದರೆ ಹೆತ್ತವರು ಬೇಡ ಎಂದು ಅಂಗಲಾಚಿದ್ದನ್ನೂ ಕೆತ್ತಿದ್ದಾರೆ. ಹೊಗಳಿಕೆ ಓದಿ ಕೈ ಮುಗಿಯುವವರು ಬಹಳ ಜನ. ಅಂಗಲಾಚಿದವರ ಕಡೆಯಿಂದ ಕತೆ ಬರೆಯುವವರು ಬೇಕು.

ಅಂಥವರು ಯಾಕೆ ಸಿಗುತ್ತಿಲ್ಲ? ಒಂದು ಕಾರಣ ಸೋಮಾರಿತನ. ನಮ್ಮ ಪತ್ರಿಕೆಗೆ ಬಂದ ಕತೆಯೊಂದರಲ್ಲಿ ಹೊಯ್ಸಳರ ಕಾಲದ ನಾಯಕಿ ಪ್ರಿಯತಮನಿಗೆ ಟೊಮೆಟೊ ಸಾರು ಬಡಿಸಿದ್ದಳು. ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿ ಎಲ್ಲ ಪೋರ್ಚುಗೀಸರು ಬಂದ ಮೇಲಿನವು. ಇಡ್ಲಿ ಬಡಿಸಿ, ಹತ್ತನೇ ಶತಮಾನದ 'ವಡ್ಡಾರಾಧನೆ'ಯಲ್ಲೇ ಇಡ್ಡಲಿಗೆ ಇದೆ, ಸಾರಿಗೆ ಕಾಳುಮೆಣಸು ಹಾಕಿ ಎಂದು ಬರೆದೆ. "ಲವ್ ಸ್ಟೋರಿಗೆ ಇದೆಲ್ಲ ಯಾಕೆ ಸಾರ್?" ಎಂದು ಉತ್ತರ ಬಂತು. ಯುದ್ಧದ ಕತೆ ಬರೆಯುವಾಗ ಇದೇ ಮನುಷ್ಯ ಫಿರಂಗಿಯ ತೂಕ ಹುಡುಕಿಕೊಂಡು ಗ್ರಂಥಾಲಯ ಸುತ್ತುತ್ತಾನೆ. ಪ್ರೇಮ ಅಂದರೆ ಮಾತ್ರ ಸುಮ್ನೆ ಏನೋ ಒಂದು ಸಾಕು.

ನಿಮ್ಮ ಭಾವನವರ ನಗುವೂ ಇದೇ ಜಾತಿಯದ್ದು. ಬೇಜಾರು ಮಾಡಿಕೊಳ್ಳಬೇಡಿ ತಾಯಿ, ಅವರೊಬ್ಬರ ತಪ್ಪಲ್ಲ. ಗಂಡಸರು ಕತ್ತಿ ಹಿಡಿದ ಪುಸ್ತಕ ಓದಿದರೆ ಅದು ಇತಿಹಾಸ. ಹೆಂಗಸರು ಕೈ ಹಿಡಿದ ಪುಸ್ತಕ ಓದಿದರೆ ಅದು ಟೈಂಪಾಸು. ಬಾಡಿಗೆ ಲೈಬ್ರರಿಗಳಿಂದ ಕಾದಂಬರಿ ತಂದು ಅಡುಗೆಮನೆಯಲ್ಲಿ ಓದಿ ಕನ್ನಡದ ಪ್ರಕಾಶಕರನ್ನು ಸಾಕಿದವರು ನಿಮ್ಮ ಅಮ್ಮ, ದೊಡ್ಡಮ್ಮಂದಿರು. ಅವರಿಗೂ ಇದೇ ನಗು ಸಿಕ್ಕಿತ್ತು.

ಎರಡನೇ ಕಾರಣ ಭಯ. ಕೃಷ್ಣದೇವರಾಯ ಪಟ್ಟಕ್ಕೆ ಬರುವ ಮೊದಲು ಒಬ್ಬ ಗಣಿಕೆಯನ್ನು ಪ್ರೀತಿಸಿದ್ದ, ದೊರೆಯಾದ ಮೇಲೆ ಅವಳನ್ನೇ ಮದುವೆಯಾದ ಎಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಇನ್ನೊಬ್ಬ ಪೋರ್ಚುಗೀಸ್ ಪ್ರವಾಸಿ ಪೇಸ್ ಈಗಿನ ಹೊಸಪೇಟೆಗೂ ಆ ಪ್ರೀತಿಗೂ ನಂಟು ಹೇಳುತ್ತಾನೆ. ಎಂಥ ಚಂದದ ಕತೆ! ಇವತ್ತು ಇದನ್ನು ಬರೆಯಿರಿ ಅಂದರೆ ಒಬ್ಬ ಲೇಖಕರೂ ಮುಂದೆ ಬರುವುದಿಲ್ಲ. ಪ್ರತಿ ರಾಜನಿಗೂ ಈಗ ಒಂದು ಸಂಘ ಇದೆ, ಒಂದು ಪ್ರತಿಮೆ ಇದೆ, ಮೈಕು ಹಿಡಿದ ನಾಲ್ಕು ಜನ ಇದ್ದಾರೆ. ನಮ್ಮ ದೊರೆ ಯುದ್ಧ ಗೆದ್ದ ಅನ್ನಿ, ಕೆರೆ ಕಟ್ಟಿಸಿದ ಅನ್ನಿ, ಪ್ರೀತಿಸಿದ ಅಂತ ಮಾತ್ರ ಅನ್ನಬೇಡಿ. ಅದಕ್ಕೇ ನಮ್ಮವರು ಹೆಸರಿಲ್ಲದ ಸಂಸ್ಥಾನ, ಇಸವಿಯಿಲ್ಲದ ಕಾಲ ಹುಡುಕಿಕೊಂಡು ಕತೆ ಬರೆಯುತ್ತಾರೆ. ಕಾಯ್ದೆ ಇಲ್ಲ, ಗಡಿ ಇಲ್ಲ, ಊಟಕ್ಕೆ ಟೊಮೆಟೊ ಸಾರು. ಅದೇ ಜನ ಹಂಪಿಯ ಕಂಬಕ್ಕೆ ಒರಗಿ ಮದುವೆಯ ಮುಂಚಿನ ಫೋಟೋ ತೆಗೆಸಿಕೊಂಡರೆ ಯಾರಿಗೂ ಅಭ್ಯಂತರ ಇಲ್ಲ. ಇನ್ನು ಪ್ರಕಾಶಕರು. "ಕತೆ ಓಡಲ್ಲ ಸಾರ್, ಕಾದಂಬರಿ ಇದ್ರೆ ಕೊಡಿ" ಅನ್ನುತ್ತಾರೆ. ಓಡದೇ ಇರಲು ಅವರು ಕತೆಗಳನ್ನು ನಿಲ್ಲಿಸಿದ್ದಾದರೂ ಎಲ್ಲಿ, ಅಂಗಡಿಯ ಯಾವ ಕಪಾಟಿನಲ್ಲಿ?

ರಾಜರನ್ನು ಬಿಟ್ಟುಬಿಡಿ ಬೇಕಾದರೆ. ನೀವು ದಿನಾ ಹೋಗುವ ದಾರಿಯನ್ನೇ ತೆಗೆದುಕೊಳ್ಳಿ. ನಿಮ್ಮ ಡ್ಯೂಕುಗಳು ಲಂಡನ್ನಿನಲ್ಲಿ ಕುಣಿಯುತ್ತಿದ್ದ ಕಾಲಕ್ಕೇ, 1809ರಲ್ಲಿ, ಇಲ್ಲಿ ಹಲಸೂರಿನ ಪಕ್ಕ ಬ್ರಿಟಿಷರ ದಂಡು ಪ್ರದೇಶ, ಅಂದರೆ ಕಂಟೋನ್ಮೆಂಟು, ಶುರುವಾಯಿತು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ವಾಪಸ್ ಕೊಟ್ಟಾಗ ಅದೊಂದನ್ನು ಬ್ರಿಟಿಷರು ತಮ್ಮ ಹತ್ತಿರವೇ ಇಟ್ಟುಕೊಂಡರು. 1947ರವರೆಗೂ ಒಂದೇ ಊರಿನಲ್ಲಿ ಎರಡು ಆಡಳಿತ. ಪೇಟೆಯ ಕಡೆ ಮಹಾರಾಜರ ಪೊಲೀಸರು, ಮಹಾರಾಜರ ಕೋರ್ಟು. ಕಂಟೋನ್ಮೆಂಟಿನಲ್ಲಿ ಬ್ರಿಟಿಷರ ಪ್ರತಿನಿಧಿಯಾದ ರೆಸಿಡೆಂಟರ ಪೊಲೀಸರು, ಅವರದೇ ಕೋರ್ಟು. ನಡುವೆ ಕಬ್ಬನ್ ಪಾರ್ಕು. ಚಿಕ್ಕಪೇಟೆಯ ರೇಷ್ಮೆ ಅಂಗಡಿಯವರ ಮಗಳು, ದಂಡಿನಲ್ಲಿ ಗುಮಾಸ್ತೆಯಾಗಿರುವ ತಮಿಳು ಹುಡುಗ, ಬ್ಯಾಂಡ್ ಸ್ಟಾಂಡಿನ ಹತ್ತಿರ ಒಂದು ಭಾನುವಾರ. ಗ್ರೆಟ್ನಾ ಗ್ರೀನ್ ಮುನ್ನೂರು ಮೈಲಿ ದೂರ. ಇದು ನಡೆದರೆ ಅರ್ಧ ಗಂಟೆ.

ಬ್ಯಾಂಕಿನವರು ನೀವು, ಲೆಕ್ಕ ತಪ್ಪುವವರಲ್ಲ. ಪತ್ರವನ್ನು ನೋಡಿದರೆ ಬರೆಯುವ ಕೈಯೂ ಇದೆ. ಆ ಗುಮಾಸ್ತೆಗೆ ಸಂಬಳ ಎಷ್ಟಿತ್ತು, ಯಾವ ನಾಣ್ಯದಲ್ಲಿ ಬರುತ್ತಿತ್ತು, ಸಂಜೆ ಎಷ್ಟು ಹೊತ್ತಿಗೆ ದೀಪ ಹಚ್ಚುತ್ತಿದ್ದರು ಎಂದು ಮೊದಲು ಹುಡುಕಿಕೊಳ್ಳಿ. ಶೇಷಾದ್ರಿ ಅಯ್ಯರ್ ಗ್ರಂಥಾಲಯ ಪಾರ್ಕಿನ ಒಳಗೇ ಇದೆ, ಮಿಥಿಕ್ ಸೊಸೈಟಿ ನೃಪತುಂಗ ರಸ್ತೆಯಲ್ಲಿದೆ. ಕತೆ ಮೂರು ಸಾವಿರ ಪದ ದಾಟದಿರಲಿ. ಕೈಬರಹವಾದರೆ ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಒಪ್ಪಿಗೆಯಾಗದ ಕತೆಗಳನ್ನು ಅಂಚೆಯಲ್ಲಿ ವಾಪಸ್ ಕಳಿಸುವುದನ್ನು ನಾವು ನಿಲ್ಲಿಸಿದ್ದೇವೆ.

— ಸಂ.