ಮೇಷ್ಟ್ರನ್ನು ಕೇಳಿ: ಇಬ್ಬರೇ ಉಳಿದ ಊರು

ಪ್ರಶ್ನೆ: ಮೇಷ್ಟ್ರೇ, ಮಗಳು ಪ್ರಾಗ್‌ನಲ್ಲಿ ಕೆಲಸಕ್ಕಿದ್ದಾಳೆ. ಜೂನ್‌ನಲ್ಲಿ ನಾವಿಬ್ಬರೂ ಹೊರಟಿದ್ದೇವೆ. ಕೋಟೆ, ಸೇತುವೆ ನೋಡಿಯಾದ ಮೇಲೆ ಒಂದು ಹಳ್ಳಿ ನೋಡಬೇಕು ಅನ್ನುವುದು ನನ್ನಾಕೆಯ ಆಸೆ. ನೀವು ಹಿಂದೊಮ್ಮೆ ಅಲ್ಲಿನ ಯಾವುದೋ ಊರಿನ ಮನೆಗಳನ್ನು ಕೊಡವರ ಐನ್‌ಮನೆಗೆ, ಅಂದರೆ ಮನೆತನದ ಹಿರೀಕರ ಮನೆಗೆ ಹೋಲಿಸಿದ್ದಿರಿ. ಯಾವ ಊರು ಅದು? ನಮ್ಮ ಐನ್‌ಮನೆಗೆ ಪುತ್ತರಿ ಹಬ್ಬ ಬಿಟ್ಟರೆ ವರ್ಷವಿಡೀ ಬೀಗ. ಅವರು ಹೇಗೆ ಉಳಿಸಿಕೊಂಡರು? ಊಟಕ್ಕೆ ಏನು ಮಾಡಬೇಕು, ಅದನ್ನೂ ಬರೆಯಿರಿ.
– ಒಬ್ಬ ಓದುಗರು, ನಾಪೋಕ್ಲು

ಉತ್ತರ: ಹೊಲಶೊವಿತ್ಸೆ. ಹೆಸರಿನ ಮೊದಲಿಗೇ ಹೊಲ ಸಿಕ್ಕಿತು ಎಂದು ನಾನೂ ಹಿಗ್ಗಿದ್ದೆ, ನಮ್ಮ ಹೊಲಕ್ಕೂ ಅದಕ್ಕೂ ನಂಟಿಲ್ಲ. ಚೆಕ್ ದೇಶದ ದಕ್ಷಿಣ ಬೊಹೀಮಿಯಾ ಸೀಮೆಯ ಚೆಸ್ಕೆ ಬುದೆಯೊವಿತ್ಸೆ ಪಟ್ಟಣದಿಂದ ಪಶ್ಚಿಮಕ್ಕೆ ಸುಮಾರು 15 ಕಿ.ಮೀ. (ಬಡ್‌ವೈಸರ್ ಬಿಯರಿನ ಹೆಸರು ಬಂದದ್ದು ಈ ಪಟ್ಟಣದ ಜರ್ಮನ್ ಹೆಸರಿನಿಂದ. ನಿಮಗೆ ಇದು ಉಪಯೋಗಕ್ಕೆ ಬಂದೀತು.) ನೆಲ ಹೆಚ್ಚುಕಡಿಮೆ ಸಮತಟ್ಟು, ಮೀನು ಸಾಕುವ ಕೆರೆಗಳ ಸೀಮೆ. ಒಂದು ಮಗ್ಗುಲಿಗೆ ಮಾತ್ರ ಬ್ಲಾನ್‌ಸ್ಕಿ ಲೆಸ್ ಎಂಬ ಕಾಡುಗುಡ್ಡ. ಅದರ ನೆತ್ತಿ ಕ್ಲೆತ್ 1,084 ಮೀಟರ್. 1,748 ಮೀಟರಿನ ನಮ್ಮ ತಡಿಯಂಡಮೋಳ್ ಬೆಟ್ಟ ಹತ್ತಿದವರಿಗೆ ಅದೇನೂ ಅಲ್ಲ.

ಊರಿನ ನಡುವೆ ಉದ್ದನೆಯ ಹುಲ್ಲುಬಯಲು. ನಮ್ಮಲ್ಲಿ ಊರವರು ಹಬ್ಬಕ್ಕೆ ಸೇರುವ ಬಯಲು, ಮಂದ್ ಇರುತ್ತದಲ್ಲ, ಹಾಗೇ ಅನ್ನಿ, ಆದರೆ ಮನೆಗಳೆಲ್ಲ ಅದನ್ನು ಸುತ್ತುವರಿದು ಅದಕ್ಕೇ ಮುಖ ಮಾಡಿ ನಿಂತಿವೆ. ಬಯಲಲ್ಲಿ ಒಂದು ಕೆರೆ, ಒಂದು ಕುಲುಮೆ, 1755ರ ಒಂದು ಪುಟ್ಟ ಪ್ರಾರ್ಥನಾ ಮಂದಿರ. ಮಂದಿರ ನೆಪೊಮುಕ್‌ನ ಸಂತ ಯೋಹಾನನದು. ಪ್ರಾಗ್‌ನ ಚಾರ್ಲ್ಸ್ ಸೇತುವೆಯ ಮೇಲೆ ತಲೆಯ ಸುತ್ತ ಐದು ನಕ್ಷತ್ರ ಇಟ್ಟುಕೊಂಡ ಮೂರ್ತಿ ಕಂಡೀತು, ಅವನೇ. 1393ರಲ್ಲಿ ರಾಜನ ಅಪ್ಪಣೆಯಂತೆ ಅವನನ್ನು ವ್ಲ್ತಾವಾ ನದಿಗೆ ಎಸೆದರು, ಆಮೇಲೆ ನೆರೆಯಿಂದ ಕಾಯುವವನೂ ಅವನೇ ಆದ.

ನಾನು ಹೋದದ್ದು ಒಂದು ಭಾನುವಾರ. ವಾಪಸು ಬಸ್ ತಪ್ಪಿಸಿಕೊಂಡು ಎರಡು ಗಂಟೆ ಕೆರೆಯ ದಂಡೆಯಲ್ಲೇ ಕೂತಿದ್ದೆ. ತಪ್ಪಿದ್ದೇ ಒಳ್ಳೆಯದಾಯಿತು. ಮೊದಲ ಸುತ್ತಿನಲ್ಲಿ ಬರೀ ಬಣ್ಣ ನೋಡಿದ್ದೆ, ಕೂತ ಮೇಲೆ ಮನೆ ಕಂಡಿತು. ಒಂದೊಂದು ಮನೆಗೂ ಬಯಲಿನ ಕಡೆಗೆ ಎರಡು ಮುಖ. ಚಾವಣಿಯ ಕೆಳಗಿನ ತ್ರಿಕೋನ ಗೋಡೆಯನ್ನು ನೆಟ್ಟಗೆ ಬಿಡದೆ ಗಂಟೆಯ ಆಕಾರಕ್ಕೆ ಬಳುಕಿಸಿ, ಗಾರೆಯಲ್ಲಿ ಬಳ್ಳಿ ಬಿಡಿಸಿ, ಕಟ್ಟಿದ ಇಸವಿಯನ್ನೂ ಉಬ್ಬಿಸಿ ಬರೆದಿದ್ದಾರೆ. ಅರಮನೆಯ ಬರೋಕ್ ಶೈಲಿಯನ್ನು ಹಳ್ಳಿಯ ಗಾರೆಯವರು ತಮಗೆ ತೋಚಿದಂತೆ ಮಾಡಿಕೊಂಡದ್ದು, ಹೆಚ್ಚಿನವು 19ನೇ ಶತಮಾನದವು. ಎರಡು ಮುಖಗಳ ನಡುವೆ ಗಾಡಿ ಹೋಗುವಷ್ಟು ಕಮಾನು ಬಾಗಿಲು. ಅದರಾಚೆ ಅಂಗಳ, ಕೊಟ್ಟಿಗೆ, ಹಿಂದೆ ಧಾನ್ಯದ ಮನೆ, ಅದರ ಹಿಂದಿನಿಂದ ಉದ್ದುದ್ದ ಹೊಲದ ಪಟ್ಟಿ. ಒಂದು ಮುಖದ ಹಿಂದೆ ಸಂಸಾರ, ಇನ್ನೊಂದರ ಹಿಂದೆ ಕಣಜ, ಇಲ್ಲವೇ ವಯಸ್ಸಾದವರ ವಾಸ. ಆ ಸೀಮೆಯಲ್ಲಿ ಜಮೀನು ಮಗನಿಗೆ ಬಿಟ್ಟುಕೊಡುವಾಗ ಅಪ್ಪ ಅಮ್ಮನಿಗೆ ಎಷ್ಟು ಧಾನ್ಯ, ಎಷ್ಟು ಹಾಲು ಸಲ್ಲಬೇಕು ಎಂದು ಪತ್ರ ಬರೆಸುವ ವಾಡಿಕೆ ಇತ್ತು. ನಾವು ಬರೆಸುವುದಿಲ್ಲ, ಆಮೇಲೆ ಪಂಚಾಯ್ತಿ ಕೂರಿಸುತ್ತೇವೆ.

ಹೇಗೆ ಉಳಿಸಿಕೊಂಡರು ಅಂದಿರಿ. ಅಲ್ಲೇ ನಾನೂ ಮೋಸಹೋಗಿದ್ದೆ. ಅಷ್ಟು ಚೊಕ್ಕ ಊರು ಕಂಡರೆ ತಲೆತಲಾಂತರದಿಂದ ಅವೇ ಒಕ್ಕಗಳು, ಅವೇ ಮನೆತನಗಳು ದೀಪ ಹಚ್ಚುತ್ತಾ ಬಂದಿವೆ ಅನಿಸುತ್ತದೆ. ಹಾಗಿಲ್ಲ. ಊರಿನ ಹೆಸರು ದಾಖಲೆಯಲ್ಲಿ ಬರುವುದು 1263ರಲ್ಲಿ. 1292ರಲ್ಲಿ ರಾಜ ಎರಡನೇ ವೆನ್ಸೆಸ್ಲಾಸ್ ಅದನ್ನು ವಿಶ್ಶಿ ಬ್ರೊದ್ ಮಠಕ್ಕೆ ಉಂಬಳಿ ಕೊಟ್ಟ, 1848ರವರೆಗೂ ಮಠದ್ದೇ ಯಜಮಾನಿಕೆ. 1520ರಿಂದ 1525ರ ನಡುವೆ ಪ್ಲೇಗ್ ಬಂದು ಊರಲ್ಲಿ ಉಳಿದವರು ಇಬ್ಬರು. ಊರಿನ ಬಡಗಣ ತುದಿಯಲ್ಲಿ ಸತ್ತವರನ್ನು ಒಟ್ಟಿಗೆ ಹೂತ ಜಾಗಕ್ಕೊಂದು ಕಂಬವಿದೆ, ತಪ್ಪದೆ ನೋಡಿ. ಮಠದವರು ಬವೇರಿಯಾ, ಆಸ್ಟ್ರಿಯಾ ಕಡೆಯಿಂದ ಒಕ್ಕಲು ತಂದು ಕೂರಿಸಿದರು. 1895ರಲ್ಲಿ ಅಲ್ಲಿದ್ದವರು 157 ಜರ್ಮನರು, 19 ಚೆಕ್ಕರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನರನ್ನು ದೇಶದಿಂದಲೇ ಹೊರಹಾಕಿದರು. ಮನೆಗಳಿಗೆ ಮತ್ತೆ ಬೀಗ.

ಅಂದರೆ ಗೋಡೆ ಕಟ್ಟಿಸಿದವರ ಮೊಮ್ಮಕ್ಕಳು ಅಲ್ಲಿಲ್ಲ. ಒಡೆದು ತಾರಸಿ ಹಾಕಿಸಲು ಜನವಿರಲಿಲ್ಲ, ಅದಕ್ಕೇ ಗೋಡೆ ಉಳಿಯಿತು. 1990ರಿಂದೀಚೆಗೆ ದುರಸ್ತಿ ಮಾಡಿ ಜನ ಬಂದು ನೆಲೆಸಿದರು, 1998ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಹಾಗೆಂದು ನೀವು ಬೀಗ ಹಾಕಿ ನೆಮ್ಮದಿಯಾಗಿ ಇರಬೇಡಿ ಮಾರಾಯ್ರೇ! ಅಲ್ಲಿ ವರ್ಷದ ಮಳೆ 600 ಮಿ.ಮೀ. ಆಸುಪಾಸು. ಮಡಿಕೇರಿಯಲ್ಲಿ ಜುಲೈ ತಿಂಗಳೊಂದರಲ್ಲೇ ಅದಕ್ಕಿಂತ ಜಾಸ್ತಿ ಸುರಿಯುತ್ತದೆ. ಹೆಂಚು ಒಂದು ಜರುಗಿದರೆ ಸಾಕು, ಮುಂದಿನ ಪುತ್ತರಿಗೆ ಬೀಗ ತೆಗೆದಾಗ ತೊಲೆಯಲ್ಲಿ ಗೆದ್ದಲು. ಮಳೆಗಾಲಕ್ಕೆ ಮುಂಚೆ ಯಾರನ್ನಾದರೂ ಮಾಡಿಗೆ ಹತ್ತಿಸಿಯೇ ವಿಮಾನ ಹತ್ತಿ.

ಪ್ರಾಗ್‌ನಿಂದ ಬುದೆಯೊವಿತ್ಸೆಗೆ ರೈಲಿನಲ್ಲಿ ಎರಡು ಗಂಟೆಯ ಹಾದಿ, ಅಲ್ಲಿಂದ ಬಸ್. ವಾಪಸು ಬಸ್ಸಿನ ಹೊತ್ತನ್ನು ಇಳಿದ ಕೂಡಲೇ ಬರೆದಿಟ್ಟುಕೊಳ್ಳಿ. ಯೂರೋ ಅಲ್ಲ, ಕೊರುನಾ ಬೇಕು. ಮನೆಗಳಲ್ಲಿ ಜನ ವಾಸವಿದ್ದಾರೆ, ಕಮಾನು ಬಾಗಿಲು ತೆರೆದಿದೆ ಎಂದು ಒಳಗೆ ನುಗ್ಗಬೇಡಿ. ಬೇಸಾಯದ ಹಳೇ ಸಾಮಾನು ಜೋಡಿಸಿಟ್ಟ ಒಂದು ಮನೆ ಇದೆ, ಅದಕ್ಕೆ ಹೋಗಿ.

ಊಟದ ಚಿಂತೆ ನಾಪೋಕ್ಲಿನವರಿಗೆ ಯಾಕೆ? ಬೇಯಿಸಿದ ಹಂದಿ ಮಾಂಸ, ಪಕ್ಕಕ್ಕೆ ಹಬೆಯಲ್ಲಿ ಬೆಂದ ಕ್ನೆಡ್ಲಿಕಿ. ಕಡಂಬುಟ್ಟಿನ ದೂರದ ನೆಂಟ ಅನ್ನಿ, ಅಕ್ಕಿತರಿಯದಲ್ಲ, ಗೋಧಿಹಿಟ್ಟಿನದು, ಉದ್ದಕ್ಕೆ ಬೇಯಿಸಿ ಬಿಲ್ಲೆಯಾಗಿ ಕುಯ್ದು ಕೊಡುತ್ತಾರೆ. ನಮ್ಮ ಹುಳಿರಸ ಕಾಚಂಪುಳಿ ಇಲ್ಲ. ಹುಳಿಗೆ ಹುದುಗು ಬರಿಸಿದ ಕೋಸು ಇಡುತ್ತಾರೆ, ನನ್ನಾಕೆ ಅದನ್ನು ತಟ್ಟೆಯ ಅಂಚಿಗೆ ಸರಿಸಿದಳು, ನಾನು ಎರಡನೇ ಸಲ ಹಾಕಿಸಿಕೊಂಡೆ.